ಸಾರಿನ ಮಡಕೆಗೆ ಸೇರದ ಹಣ್ಣು

ಟೊಮೇಟೊ ಗಿಡದ ಎಲೆ ಸವರಿದರೆ ಬೆರಳಿಗೆ ಒಂದು ಹಸಿ ಘಾಟು ಹತ್ತುತ್ತದೆ. ಮೊನ್ನೆ ಚಿಂತಾಮಣಿಯಲ್ಲಿ ತಮ್ಮನ ತೋಟಕ್ಕೆ ಹೋಗಿದ್ದಾಗ ಆ ಘಾಟು ಮೂಗಿಗೆ ಬಡಿಯಿತು. ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಮ್ಮನ ಕೈ ಯಾವಾಗಲೂ ಹಾಗೇ ನಾರುತ್ತಿತ್ತು...

ಐವತ್ತರ ದಶಕ. ಸಾದಲಿ ಕಡೆಯ ನಮ್ಮೂರಿಗೆ ಹೆರಿಗೆ ನೋಡಿಕೊಳ್ಳಲು ಸರ್ಕಾರ ಅವರನ್ನು ಕಳಿಸಿತ್ತು. ಹಿತ್ತಲಲ್ಲಿ ಟೊಮೇಟೊ ಬೆಳೆದು ಬಸುರಿಯರಿರುವ ಮನೆಗೆಲ್ಲ ಹಂಚುತ್ತಿದ್ದರು. "ದಿನಾ ಸಾರಿಗೆ ಎರಡು ಹಿಸುಕಿ ಹಾಕ್ರಮ್ಮ, ಮೈಗೆ ಒಳ್ಳೇದು, ರಕ್ತ ಆಗುತ್ತೆ" ಎನ್ನುತ್ತಿದ್ದರು. ಊರಿಗೆ ಕಂಡರಿಯದ ಆ ಹಣ್ಣೂ ಬೇಕಿರಲಿಲ್ಲ, ಹೊರಗಿನಿಂದ ಬಂದ ಅವರೂ ಬೇಕಿರಲಿಲ್ಲ. ಎದುರು ಮನೆಯಾಕೆ ಮುಖದ ಮೇಲೇ ಅಂದಿದ್ದಳು: "ಕೆಂಪಗಿರೋದೆಲ್ಲ ರಕ್ತ ಆಗಂಗಿದ್ರೆ ಕುಂಕುಮಾನೇ ಮುಕ್ಕಣ ಬಿಡಮ್ಮ."

ಆಕೆಯ ಸೊಸೆ ಆಗ ತುಂಬಿದ ಬಸುರಿ, ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ನರ್ಸಮ್ಮ ಕೊಟ್ಟ ಹಣ್ಣನ್ನು ಅತ್ತೆ ಅಡುಗೆಮನೆಯೊಳಗೆ ಬಿಡಲಿಲ್ಲ. ಸಾರು ಕಾಯಿಸುವ ಮಣ್ಣಿನ ಮಡಕೆಗೆ ಅದು ತಾಗಿದರೆ ಮಡಕೆಯನ್ನೇ ಎಸೆಯಬೇಕೆಂದು ಹಟ ಹಿಡಿದಳು. ಸೊಸೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಮೂಲೆಗೆ ಬಿದ್ದಿದ್ದ ಹಿತ್ತಾಳೆ ಪಾತ್ರೆಯಲ್ಲಿ ಬೇಯಿಸಿ, ಅದರಲ್ಲೇ ಇಟ್ಟುಕೊಂಡು ಮಾರನೆಯ ದಿನವೂ ಉಂಡಳು. ಮಧ್ಯಾಹ್ನದ ಹೊತ್ತಿಗೆ ವಾಂತಿ ಹತ್ತಿ ನೆಲಕ್ಕೆ ಬಿದ್ದಳು.

ಕಾಲೇಜಿನ ರಜಕ್ಕೆ ಬಂದಿದ್ದ ನಾನು ಜಗುಲಿಯಲ್ಲಿದ್ದೆ. ಜನ ನರ್ಸಮ್ಮನ ಬಾಗಿಲಿಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಸೊಸೆಯ ಗಂಡ, ಕೈಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹೆಚ್ಚುವ ಕತ್ತಿ.

"ವಿಷ ಇಕ್ಕಿದ್ದೀಯ. ಅವಳು ಸತ್ರೆ ನಿನ್ನ ಇಲ್ಲೇ ಕೊಚ್ಚಾಕ್ತೀನಿ."

"ಆಮೇಲೆ ಕೊಚ್ಚಪ್ಪ. ಈಗ ದಾರಿ ಬಿಡು, ಅವಳ್ನ ನೋಡ್ಬೇಕು."

ಕತ್ತಿ ಅವರ ಕೊರಳ ಹತ್ತಿರವೇ ಇತ್ತು. ಅದನ್ನು ದಾಟಿಕೊಂಡೇ ಹೋದರು... ಸೊಸೆಗೆ ನೀರು ಕುಡಿಸಿ ಕಕ್ಕಿಸಿದರು, ಮತ್ತೆ ಕುಡಿಸಿದರು. ಅವಳು ಕಣ್ಣು ಬಿಟ್ಟು ಮಾತಾಡಿದ ಮೇಲೆ, ಆ ಪಾತ್ರೆಯನ್ನು ತಂದು ಬೀದಿಯಲ್ಲಿ ಎಲ್ಲರೆದುರು ಓರೆ ಮಾಡಿ ಹಿಡಿದರು. ಒಳಗೆ ಬಳಿದ ತವರದ ಕಲಾಯಿ ಎಂದೋ ಹೋಗಿ ಒಳಗೆಲ್ಲ ಹಸಿರು ಕಿಲುಬು ಕಟ್ಟಿತ್ತು.

"ಇದ್ರಲ್ಲಿ ಹುಣಿಸೆಹುಳಿ ಕಾಸ್ತೀರೇನಮ್ಮ?" ಎಂದು ಅತ್ತೆಯನ್ನು ಕೇಳಿದರು.

ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ ಬೇಯಿಸಿದರೆ ವಿಷವಾಗುತ್ತದೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಹೊಲಸೆಂದು ಹೊರಗಿಟ್ಟ ಹಣ್ಣಿಗೂ ಆ ಎಚ್ಚರ ಬೇಕೆಂದು ಮಾತ್ರ ಯಾರಿಗೂ ತೋಚಿರಲಿಲ್ಲ. ಗಂಡ ಕತ್ತಿ ಇಳಿಸಿದ.

ಕಲ್ಲು ಬಿದ್ದದ್ದು ಆಗ. ಯಾರು ಎಸೆದರೋ ಕಾಣಲಿಲ್ಲ. ಪಾತ್ರೆ ನೋಡಿದ ಮೇಲೆ, ಸೊಸೆ ಬದುಕಿದಳೆಂದು ತಿಳಿದ ಮೇಲೆ ಬಂದ ಕಲ್ಲು ಅದು. ನರ್ಸಮ್ಮನ ಹುಬ್ಬು ಸೀಳಿತು. ಆ ಕತ್ತಿಗಾದರೂ ಒಂದು ಕಾರಣವಿತ್ತು. ಕಲ್ಲಿಗೆ ಏನಿತ್ತೆಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ...

ಸಂಜೆಯ ಬಸ್ಸಿಗೆ ಅವರು ಹೊರಟುಹೋದರು. ಅವರ ಹಿತ್ತಲಿನ ಟೊಮೇಟೊ ಗಿಡಗಳನ್ನು ಊರಿನವರು ಬೇರುಸಹಿತ ಕಿತ್ತರು.

ನರ್ಸಮ್ಮ ಗೌರಿಬಿದನೂರಿನಲ್ಲಿ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತುಂಬ ತಡವಾಗಿ. ಈ ಸಲ ಊರಿಗೆ ಹೋದಾಗ ಅದನ್ನು ಆ ಸೊಸೆಗೆ ಹೇಳಿದೆ. ಈಗ ಅವಳೂ ಮುದುಕಿ. ಅಂದು ಹೊಟ್ಟೆಯಲ್ಲಿದ್ದ ಮಗಳು ಪಕ್ಕದಲ್ಲೇ ಕೂತಿದ್ದಳು.

"ಯಾವ ನರ್ಸಮ್ಮ?" ಎಂದಳು ಮಗಳು.

"ಯಾರೋ ಬಂದಿದ್ಲು, ಹೋದ್ಲು ಬಿಡಮ್ಮ" ಎಂದು ತಾಯಿ ಎದ್ದು ಒಳಗೆ ಹೋದಳು.