ಬಾವಿ ನೋಡಿ ಬೀಗತನ

ಬಳಗದ ಯಾವ ಹುಡುಗನಿಗೆ ಕನ್ಯೆ ನೋಡಲು ಹೋದರೂ ನಮ್ಮ ದೊಡ್ಡಪ್ಪ ಮೊದಲು ನೋಡುತ್ತಿದ್ದದ್ದು ಬೀಗರ ಬಾವಿಯನ್ನು. ಮನೆಯಲ್ಲಿ ಹುಡುಗಿ ಸೀರೆಯುಟ್ಟು ಅವಲಕ್ಕಿ ತಟ್ಟೆ ಹಿಡಿದು ಕಾಯುತ್ತಿದ್ದರೆ, ಈತ ಅವರ ಹೊಲದಲ್ಲಿ ಬಾವಿಗೆ ಬಗ್ಗಿ, ಕಲ್ಲೊಂದು ಎಸೆದು, ಸದ್ದಿಗೆ ಕಿವಿಗೊಟ್ಟು ನಿಂತಿರುತ್ತಿದ್ದ. ತಿರುಗಿ ಬಂದು "ಮಂದಿ ಚಲೋ ಅದಾರ" ಎಂದರೆ ನೀರು ಚೆನ್ನಾಗಿದೆ ಎಂದರ್ಥ. ಹುಡುಗಿಯ ಹೆಸರು ಕೇಳಿದ್ದನ್ನು ನಾನು ಕಂಡಿಲ್ಲ.

ಬಿಜ್ಜರಗಿಯ ಒಣ ನೆಲದಲ್ಲಿ ದ್ರಾಕ್ಷಿ ಬೆಳೆದ ಮನುಷ್ಯ. ಹಂಗಾಮಿನಲ್ಲಿ ವಿಜಯಪುರದ ನಮ್ಮ ಮನೆಗೆ ಬುಟ್ಟಿ ತುಂಬ ಹಣ್ಣು ತಂದು, ಹುಳಿ ಗೊಂಚಲು ತಾನು ತಿಂದು ಸಿಹಿಯದನ್ನು ನಮಗೆ ಕೊಡುತ್ತಿದ್ದ. ಮದುವೆಯ ಮಾತು ಬಂದಾಗ ಆ ಪ್ರೀತಿ ಎಲ್ಲಿ ಅಡಗುತ್ತಿತ್ತೋ.

ಪಕ್ಕದ ಹೊಲ ದೊಡ್ಡಮ್ಮನ ತಮ್ಮ ಮಲ್ಲಪ್ಪನದು. ಅಲ್ಲಿನ ಬಾವಿ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಹೊರಗಿನ ಹೆಣ್ಣು ಬಂದರೆ ಆ ನೀರು ಕೈತಪ್ಪೀತೆಂದು ದೊಡ್ಡಪ್ಪ ಹಿರಿಯ ಮಗಳು ಸಾವಿತ್ರಿಯನ್ನೇ ಮಲ್ಲಪ್ಪನಿಗೆ, ಅಂದರೆ ಅವಳ ಸ್ವಂತ ಸೋದರಮಾವನಿಗೆ, ಕೊಡಲು ಹೊರಟ. ಅವಳು ಪಿಯುಸಿಯಲ್ಲಿ ಕಾಲೇಜಿಗೇ ಮೊದಲಿಗಳು.

"ದೊಡ್ಡಪ್ಪಾ, ಸಾವಿ ಡಿಗ್ರಿ ಓದತೀನಿ ಅಂತ ಅಳಾಕತ್ತಾಳ" ಅಂದೆ.

"ಮಾವಗ ಕೊಡೂದು ಹಿರ್ಯಾರು ಹಾಕಿದ ಪದ್ಧತಿ ಬೇ. ಮುರಿಯಾಕ ನಾ ಯಾರು?" ಎಂದು ದೇವರ ಮನೆಯ ಕಡೆ ಕೈಮುಗಿದ.

ಹಿರಿಯರ ಮೇಲಿನ ಈ ಭಕ್ತಿ ಎಂಥದೆಂದರೆ, ಮದುಮಗಳ ಅರಿಷಿಣ ಮಾಸುವ ಮೊದಲೇ ಎರಡೂ ಹೊಲಗಳ ನಡುವೆ ಪೈಪು ಹೂಳಿಸಿದ್ದ.

ಮುಂದೆ ಕಾಲುವೆ ಬಂತು. ನೀರು ದೊಡ್ಡಪ್ಪನ ಹೊಲದ ಅಂಚಿಗೇ ಹರಿಯಿತು. ಆಗ ಮಲ್ಲಪ್ಪ ತನ್ನ ಅಣ್ಣನ ಮಗನಿಗೆ ದೊಡ್ಡಪ್ಪನ ಕಿರಿಯ ಮಗಳು ಗೀತಾಳನ್ನು ಕೇಳಲು ಬಂದ. ದೊಡ್ಡಪ್ಪ ಗಂಭೀರನಾದ.

"ಒಂದ ರಕ್ತದಾಗ ಲಗ್ನ ಮಾಡಬಾರ್ದು. ಹುಟ್ಟೂ ಕೂಸಿಗೆ ತ್ರಾಸ ಅಂತ ಡಾಕ್ಟರ್ ಹೇಳ್ತಾರ. ಕಾಲ ಬದಲಾಗೈತಿ."

ಗೀತಾಳಿಗೆ ವಿಜಯಪುರದಲ್ಲಿ ಪಗಾರದ ಗಂಡನ್ನು ಅವನು ಆಗಲೇ ನೋಡಿಟ್ಟಿದ್ದ.

ಚಹಾ ಕೊಡುತ್ತಿದ್ದ ಸಾವಿತ್ರಿ ನಿಂತಳು. "ಕಾಲ ಬದಲಾಗಿಲ್ಲಪ್ಪಾ. ಕಾಲುವಿ ಬಂತು, ಅಷ್ಟ."

ಯಾರೂ ಕಪ್ಪು ಎತ್ತಲಿಲ್ಲ. ದೊಡ್ಡಪ್ಪ ಮಾತ್ರ ಸುರ್ರೆಂದು ಕುಡಿದು, "ಸಕ್ರಿ ಕಮ್ಮಿ ಆಗೈತಿ" ಎಂದ.

ಎಷ್ಟೋ ವರ್ಷಗಳ ಮೇಲೆ ಅವನನ್ನು ಕಡೆಯ ಸಲ ಕಂಡದ್ದು ವಿಜಯಪುರದ ಆಸ್ಪತ್ರೆಯೊಂದರಲ್ಲಿ. ಸಾವಿತ್ರಿಯೇ ಗಂಜಿ ಕುಡಿಸುತ್ತಿದ್ದಳು. ಉಸಿರಿಗೆ ಪರದಾಡುತ್ತಲೇ ನನ್ನ ಕೈ ಹಿಡಿದ.

"ಸಾವಿ ಮಗಳಿಗೆ ಟಿಕೋಟಾದಾಗ ಒಂದು ಮನಿತನ ನೋಡೇನಿ. ರೋಡಿನ ಬಾಜೂಕ ಹೊಲ ಐತಿ. ಬಂಗಾರದಂಥಾ ಜಾಗ."

ನೀರಿನ ಚಿಂತೆ ತೀರಿತ್ತು; ಈಗ ರಸ್ತೆ ಬೇಕಾಗಿತ್ತು.

"ಆಕೀನ್ನ ಕಾಲೇಜಿಗೆ ಹಚ್ಚೇನಿ. ನಿನ್ನೆ ಹಾಸ್ಟೆಲಿಗೆ ಹೋದ್ಲು" ಎಂದಳು ಸಾವಿತ್ರಿ.

"ಯಾರನ್ನ ಕೇಳಿ?"

"ಆಕೀನ್ನ ಕೇಳಿ."

ಚಮಚ ತುಂಬಿ ಮತ್ತೆ ಅವನ ಬಾಯಿಗೆ ಹಿಡಿದಳು. ಅವನು ತುಟಿ ಬಿಗಿದ. ಅವಳು ಕೈ ಇಳಿಸದೆ ಕಾದಳು. ಕೊನೆಗೆ ಹಸಿವೆ ತಾಳದೆ ಅವನೇ ಬಾಯಿ ತೆರೆದ.