ಅಕ್ಕ ಆರಿಸಿದ ಪೆಟ್ಟಿಗೆ

ನನ್ನ ಅಕ್ಕ ಯಾವ ಸಾಮಾನನ್ನೂ ನೋಡಿದ ಕೂಡಲೇ ಕೊಂಡವಳಲ್ಲ. ಕೊಡ ಕೊಳ್ಳಬೇಕಾದರೆ ಅಂಗಡಿಯವನ ಹತ್ತಿರವೇ ನೀರು ತರಿಸಿ, ತುಂಬಿಸಿ, ಸೊಂಟದ ಮೇಲಿಟ್ಟು ನಾಲ್ಕು ಹೆಜ್ಜೆ ನಡೆದು ನೋಡುವಳು. ಸೀರೆಯಾದರೆ ಬಾಗಿಲಾಚೆ ಬಿಸಿಲಿಗೆ ಒಯ್ದು ಬಿಚ್ಚುವಳು. ಅವಳ ಜೊತೆ ಪೇಟೆಗೆ ಹೋಗುವುದೆಂದರೆ ನನಗೆ ಮೈಯೆಲ್ಲ ಮುಳ್ಳು. ಅಂಥವಳು ಕಂಪ್ಯೂಟರಿನ ಫೋಟೋಗಳನ್ನು ಕಾಪಾಡಿಕೊಳ್ಳಲು ಒಂದು ಪೆಟ್ಟಿಗೆ ಆರಿಸಿದ ಸಂಗತಿಯನ್ನು ಮಾತ್ರ ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತೇನೆ. ಅಷ್ಟು ಹೆಮ್ಮೆ ನನಗೆ.

ಭಾವನದು ಹಿರಿಯೂರಿನಲ್ಲಿ ಫೋಟೋ ಸ್ಟುಡಿಯೋ. ಮುಂದೆ ಸ್ಟುಡಿಯೋ, ಹಿಂದೆ ಮನೆ. ಅತ್ತ ಧರ್ಮಪುರದಿಂದ ಇತ್ತ ಹೊಸದುರ್ಗದವರೆಗೆ ಮದುವೆಗಳಿಗೆ ಅವರೇ ಬೇಕು. ಗಂಟಲು ದೊಡ್ಡದು, ಕೈ ಮಾತ್ರ ಬಹಳ ಮೆತ್ತಗೆ. ಹೆದರಿಕೊಂಡು ಕಂಬದಂತೆ ನಿಂತ ಮದುಮಗಳನ್ನೂ ಒಂದು ತಮಾಷೆ ಮಾತಾಡಿ ನಗಿಸಿ, ಆ ನಗು ಮುಗಿಯುವುದರೊಳಗೆ ಕ್ಲಿಕ್ ಎನ್ನಿಸುತ್ತಿದ್ದರು. ತೊಂಬತ್ತರ ದಶಕವೆಲ್ಲ ರೀಲು, ನೆಗೆಟಿವ್ ಕಾಲ. ಮದುವೆಯ ತಿಂಗಳುಗಳಲ್ಲಿ ಅವರಿಗೆ ಉಣ್ಣಲೂ ಪುರುಸೊತ್ತಿಲ್ಲ. ಹೀಗಾಗಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಬೇಸಿಗೆಯೆಲ್ಲ ಮದುವೆ ತೆಗೆಯುವುದು, ಆಷಾಢ ಬಂದು ಮದುವೆಗಳು ನಿಂತ ಮೇಲೆ ಕುಳಿತು ಒಟ್ಟಿಗೆ ಆಲ್ಬಂ ಮಾಡುವುದು. ಗಿರಾಕಿಗಳಿಗೂ ಅದು ರೂಢಿಯಾಗಿತ್ತು. ಆಷಾಢಕ್ಕೆ ಹೊಸ ಸೊಸೆಯರು ತವರಿಗೆ ಬರುತ್ತಾರಲ್ಲ, ಬಂದವರು ಹಾಗೇ ಸ್ಟುಡಿಯೋಗೆ ಬಂದು ತಮ್ಮ ಆಲ್ಬಂ ಎತ್ತಿಕೊಂಡು, ಅಲ್ಲೇ ಬೆಂಚಿನ ಮೇಲೆ ಕುಳಿತು ಪುಟ ತಿರುವಿ, ಯಾರ ಜಡೆ ಹೇಗಿತ್ತು ಎಂದು ಮಾತಾಡಿಕೊಂಡು ಹೋಗುವರು. ಅಲ್ಲಿಯವರೆಗೆ ನೆಗೆಟಿವ್‌ಗಳು ತಗಡಿನ ಡಬ್ಬಿಯಲ್ಲಿ ತೆಪ್ಪಗೆ ಕಾಯುತ್ತಿದ್ದವು.

ಡಿಜಿಟಲ್ ಕ್ಯಾಮೆರಾ ಬಂತು. ಭಾವನೂ ಕೊಂಡರು. ಮನೆಯ ನಡುವಿನ ಕೋಣೆಗೆ ಕಂಪ್ಯೂಟರ್ ಬಂತು, ಸ್ಟುಡಿಯೋಗೆ ಇನ್ನೊಂದು ಬಂತು. ಕಂಪ್ಯೂಟರಿನ ಕೆಲಸವನ್ನೆಲ್ಲ ಅಕ್ಕ ಕಲಿತಳು. ಕ್ಯಾಮೆರಾ ಬದಲಾಯಿತು, ಆಷಾಢದ ಪದ್ಧತಿ ಮಾತ್ರ ಬದಲಾಗಲಿಲ್ಲ. ಒಂದು ಮದುವೆ ಮುಗಿಯುತ್ತಲೇ ಫೋಟೋಗಳನ್ನು ನಡುಕೋಣೆಯ ಕಂಪ್ಯೂಟರಿಗೆ ಸುರಿದು, ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡಿ, ಭಾವ ಮುಂದಿನ ಮದುವೆಗೆ ಹೊರಡುವರು. ಒಂದು ವರ್ಷ ಆಷಾಢ ಹಿಡಿಯುವ ಹೊತ್ತಿಗೆ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನತೊಡಗಿ, ಸ್ವಲ್ಪ ಹೊತ್ತಿಗೆ ಅದೂ ನಿಂತುಹೋಯಿತು. ಆ ಬೇಸಿಗೆಯ ಮದುವೆಗಳೆಲ್ಲ ಅದರೊಳಗಿದ್ದವು, ಬೇರೆಲ್ಲೂ ಇರಲಿಲ್ಲ.

ನಾನಾಗ ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಫೋನ್ ಬಂದ ಕೂಡಲೇ ಬಸ್ಸು ಹತ್ತಿ ಹೋದೆ. ನನಗೆ ತಿಳಿದದ್ದನ್ನೆಲ್ಲ ಮಾಡಿದೆ, ಡಿಸ್ಕನ್ನು ಬೆಂಗಳೂರಿಗೂ ಕಳಿಸಿದೆವು. ಹೋದಂತೆಯೇ ವಾಪಸ್ ಬಂತು. ಭಾವ ಊರೂರಿಗೆ ಹೋಗಿ ಕೈಮುಗಿದರು. ಬೈದವರು ಬೈದರು. ಹೆಚ್ಚಿನವರು ಒಳ್ಳೆಯವರು, ಮದುಮಕ್ಕಳು ಮತ್ತೆ ಅದೇ ಸೀರೆ ಉಟ್ಟು, ಅದೇ ಪೇಟ, ಬಾಸಿಂಗ ಕಟ್ಟಿಸಿಕೊಂಡು ಸ್ಟುಡಿಯೋಗೇ ಬಂದು ಫೋಟೋಗಾಗಿ ಇನ್ನೊಮ್ಮೆ ಮದುವೆಯಾದರು. ಒಬ್ಬ ಮದುಮಗ ಅಷ್ಟರೊಳಗೆ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದ. ಪೇಟ ಕಿವಿಯವರೆಗೆ ಜಾರುತ್ತಿತ್ತು. ಆ ಫೋಟೋ ನೋಡಿದಾಗಲೆಲ್ಲ ಇವತ್ತಿಗೂ ನನಗೆ ನಗು ತಡೆಯುವುದಿಲ್ಲ.

ಧರ್ಮಪುರದ ಕಡೆಯ ಒಂದು ಮನೆಯವರು ಮಾತ್ರ ಬರಲಿಲ್ಲ. ಕುರಿ ಸಾಕುವ ಮನೆತನ. ಅವರ ಒಬ್ಬಳೇ ಮಗಳ ಮದುವೆಯೂ ಆ ಡಿಸ್ಕಿನಲ್ಲೇ ಹೋಗಿತ್ತು. ಭಾವ ಹೋಗಿ ಹೇಳಿದಾಗ ಆ ಹುಡುಗಿಯ ತಾಯಿ ಬೈಯಲಿಲ್ಲ, ಮಜ್ಜಿಗೆ ಕೊಟ್ಟಳಂತೆ.

"ಇರ್ಲಿ ಬಿಡಣ್ಣ. ಬಾಣಂತನಕ್ಕೆ ಇಲ್ಲಿಗೇ ಬರ್ತಾಳಲ್ಲ, ಕೂಸು ಎತ್ಕಂಡು ಚೆಂದಾಗಿ ತೆಗೆಸಾಣ," ಎಂದಳಂತೆ.

ಹುಡುಗಿ ಬಾಣಂತನಕ್ಕೆ ಬಂದಳು. ಹೆರಿಗೆಯಲ್ಲಿ ಹೋಗಿಬಿಟ್ಟಳು. ಹೆಣ್ಣುಕೂಸು ಉಳಿಯಿತು.

ಆ ತಾಯಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಸ್ಟುಡಿಯೋಗೆ ಬಂದ ದಿನ ನಾನು ಅಲ್ಲೇ ಇದ್ದೆ. ಮಗಳ ಮುಖ ಕಾಣುವಂಥ ಒಂದು ಫೋಟೋವೂ ಮನೆಯಲ್ಲಿ ಇಲ್ಲ ಎಂದಳು. ವೋಟಿನ ಕಾರ್ಡು ಗಂಡನ ಊರಿನಲ್ಲೇ ಮಾಡಿಸಿದರಾಯಿತು ಎಂದು ಬಿಟ್ಟಿದ್ದರಂತೆ. ಶಾಲೆಯ ಗುಂಪಿನ ಫೋಟೋ ಒಂದಿತ್ತು, ಅದರಲ್ಲಿ ಅವಳ ಮುಖ ಅಕ್ಕಿಕಾಳಿನಷ್ಟು.

"ಮದ್ವೇದು ಒಂದಾದ್ರೂ ಎಲ್ಲಾದ್ರೂ ಐತಾ ನೋಡಣ್ಣ," ಎಂದಳು. "ಈ ಕೂಸಿಗೆ ನಾಳೆ ಅವ್ವನ ಮಕ ಅಂತ ಏನು ತೋರ್ಸಲಿ?"

ಅಕ್ಕನೇ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಇಲ್ಲ ಎಂದು ನಿಜ ಹೇಳಿದಳು. ಅದನ್ನು ಹೇಳಲು ಎಷ್ಟು ಎದೆಗಾರಿಕೆ ಬೇಕು ಎಂದು ನನಗೆ ಅವತ್ತು ಗೊತ್ತಾಯಿತು. ಆ ತಾಯಿ ತಲೆಯಾಡಿಸಿ ಹೋದಳು, ಆದರೆ ನಂಬಲಿಲ್ಲ. ಸಂತೆಗೆ ಹಿರಿಯೂರಿಗೆ ಬಂದಾಗಲೆಲ್ಲ ಕೂಸಿನ ಜೊತೆ ಬಂದು, ಬೆಂಚಿನ ಮೇಲೆ ಕುಳಿತು, "ಸಿಕ್ತಾ?" ಎಂದು ಕೇಳುವಳು. ಅಕ್ಕ ಟೀ ಕೊಡುವಳು, ಕೂಸಿಗೆ ಹಾಲು ಕೊಡುವಳು, ಇಲ್ಲ ಎನ್ನುವಳು.

ಭಾವ ಡಿಜಿಟಲ್ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹಳೆಯ ರೀಲಿನ ಕ್ಯಾಮೆರಾ ಹೊರಗೆ ತೆಗೆದರು. ಆದರೆ ಆ ಹೊತ್ತಿಗೆ ರೀಲು ಸಿಗುವುದೇ ಕಷ್ಟವಾಗಿತ್ತು, ತೊಳೆದುಕೊಡುವ ಲ್ಯಾಬುಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಮದುವೆ ಒಪ್ಪಿಕೊಳ್ಳುವುದನ್ನೇ ಬಿಟ್ಟು, ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದುಕೊಂಡು ಸುಮ್ಮನೆ ಕೂತರು. ಅಷ್ಟು ಗಲಾಟೆಯ ಮನುಷ್ಯ ಮಾತನ್ನೇ ಕಡಿಮೆ ಮಾಡಿದರು.

ಅಕ್ಕ ಒಂದು ದಿನ ಊಟಕ್ಕೆ ಬಡಿಸುತ್ತ, "ಕ್ಯಾಮೆರಾ ಏನು ತಪ್ಪು ಮಾಡೈತ್ರಿ? ನಾವು ಇಟ್ಟ ಜಾಗ ಸರಿಯಿರಲಿಲ್ಲ. ಜಾಗ ಹುಡುಕಾಣ," ಎಂದಳು. ಭಾವ ತಟ್ಟೆ ನೋಡಿಕೊಂಡೇ ಉಂಡರು. ಅವಳು ನನ್ನ ಕಡೆ ತಿರುಗಿ, "ಲೇ, ನೀನು ಕಾಲೇಜಿನಾಗೆ ಬರೀ ಬೀಗ ತೆಗೆಯೋದು ಹಾಕೋದು ಮಾಡ್ತೀಯೋ, ಏನಾದ್ರೂ ಗೊತ್ತೈತೋ? ಹೇಳು, ಏನೇನು ದಾರಿ ಅವೆ?" ಎಂದಳು.

ನಾನು ಮೊದಲು ಹೇಳಿದ್ದು ಸಿ.ಡಿ.ಗೆ ಬರೆದಿಡುವುದು. ಅವಳು ಅಟ್ಟದ ಮೇಲಿನ ಡಬ್ಬಿ ಇಳಿಸಿ, ಹಿಂದೆ ಯಾವಾಗಲೋ ಬರೆದಿಟ್ಟಿದ್ದ ಸಿ.ಡಿ.ಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕುತ್ತ ಕೂತಳು. ಅರ್ಧಕ್ಕರ್ಧ ತೆರೆಯಲೇ ಇಲ್ಲ. ನಮ್ಮ ಕಡೆಯ ಬೇಸಿಗೆಯ ಧಗೆ, ದೂಳು ಅವನ್ನೂ ಬಿಟ್ಟಿರಲಿಲ್ಲ. ಆಮೇಲೆ ಜೊತೆಯಲ್ಲಿ ಒಯ್ಯುವಂಥ ಸಣ್ಣ ಹಾರ್ಡ್ ಡಿಸ್ಕ್ ತೋರಿಸಿದೆ. ವೈರು ಸಿಕ್ಕಿಸಿ ನಕಲು ಮಾಡಿ ತೆಗೆದಿಟ್ಟರಾಯಿತು ಎಂದೆ.

"ಯಾರು ಸಿಕ್ಕಿಸ್ತಾರೆ?" ಎಂದಳು.

"ನೀವೇ. ದಿನಾ."

"ಮೂರು ಮದುವೆ ಒಂದೇ ವಾರ ಬಂದಾಗ ನಿಮ್ಮ ಭಾವಂಗೆ ಬನಿಯನ್ ಎಲ್ಲೈತೆ ಅಂತ ನೆನಪಿರಲ್ಲ. ನನಗೆ ಜ್ವರ ಬಂದ ದಿನ ಯಾರು ಸಿಕ್ಕಿಸ್ತಾರೆ? ನಮ್ಮ ನೆನಪನ್ನ ನಂಬ್ಕಂಡಿರೋದು ಬ್ಯಾಡ. ತಾನಾಗೇ ಆಗಂಥದ್ದು ಹೇಳು."

ಆಗ ನಾನು ನೆಟ್‌ವರ್ಕ್ ಸ್ಟೋರೇಜ್ ಎಂಬ ಪೆಟ್ಟಿಗೆಯ ವಿಷಯ ಹೇಳಿದೆ. ನಮ್ಮ ಕಡೆ ಆಗಷ್ಟೇ ಅದರ ಹೆಸರು ಕೇಳಿಬರುತ್ತಿತ್ತು. ದಪ್ಪ ನಿಘಂಟಿನಷ್ಟು ಗಾತ್ರ, ಒಳಗೆ ಎರಡು ಡಿಸ್ಕು. ಸ್ಟುಡಿಯೋದ ಕಂಪ್ಯೂಟರಿಗೂ ಮನೆಯ ಕಂಪ್ಯೂಟರಿಗೂ ವೈರಿನಲ್ಲಿ ಜೋಡಿಸಿ ಒಂದು ಮೂಲೆಯಲ್ಲಿಟ್ಟುಬಿಟ್ಟರೆ, ಹೇಳಿದ ಹೊತ್ತಿಗೆ ಎರಡೂ ಕಂಪ್ಯೂಟರಿನ ಫೋಟೋಗಳನ್ನು ತಾನೇ ನಕಲು ಮಾಡಿಕೊಳ್ಳುತ್ತದೆ. ಒಂದು ಡಿಸ್ಕಿನಲ್ಲಿ ಬರೆದದ್ದನ್ನು ಇನ್ನೊಂದರಲ್ಲೂ ಬರೆಯುತ್ತದೆ. ಅಕ್ಕ ಕೇಳಿಸಿಕೊಂಡು, "ನೋಡಾಣ ನಡಿ," ಎಂದಳು.

ಚಿತ್ರದುರ್ಗದ ಆ ಅಂಗಡಿಯವರು ಅವಳನ್ನು ಮರೆತಿರಲಾರರು. ಮೂರು ಬಗೆಯ ಪೆಟ್ಟಿಗೆಗಳಿದ್ದವು. ಅಂಗಡಿಯವರು ಒಂದರ ವೇಗ ಹೊಗಳಿದರು, ಇನ್ನೊಂದರಲ್ಲಿ ಹಾಡು ಕೇಳಬಹುದು, ಟಿ.ವಿ.ಗೆ ಸಿನಿಮಾ ಕಳಿಸಬಹುದು ಎಂದರು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕೊಡ ಕೊಳ್ಳುವ ಅಕ್ಕ ಎದ್ದು ನಿಂತಳು ಎಂದು ನಾನು ಗೋಡೆಗೆ ಒರಗಿದೆ.

"ಇದು ಬರೀತಿರುವಾಗ ಕರೆಂಟ್ ಹೋದ್ರೆ?"

"ಯುಪಿಎಸ್ ಹಾಕ್ಕಳ್ರಿ ಮೇಡಂ. ಚಾರ್ಜು ಮುಗಿಯಕ್ಕೆ ಬಂದ್ರೆ ತಾನೇ ಬರೆಯೋದು ಮುಗಿಸಿ ಬಂದ್ ಆಗ್ತೈತೆ. ಆದ್ರೆ ಅದು ಈ ಎರಡರಾಗೆ ಮಾತ್ರ."

ವೇಗ ಹೊಗಳಿದ ಪೆಟ್ಟಿಗೆಯನ್ನು ಅಕ್ಕ ಪಕ್ಕಕ್ಕೆ ಸರಿಸಿದಳು.

"ಒಂದು ಡಿಸ್ಕ್ ಸತ್ರೆ ಬಾಯಿ ಬಿಟ್ಟು ಹೇಳ್ತೈತೋ, ಸುಮ್ನೆ ಕುಂತಿರ್ತೈತೋ?"

"ಎರಡೂ ಕೂಗ್ತವೆ ಮೇಡಂ."

"ಪೆಟ್ಟಿಗೇನೇ ಕೆಟ್ಟೋದ್ರೆ? ಡಿಸ್ಕ್ ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿ ಓದಬೋದಾ?"

ಈ ಪ್ರಶ್ನೆಯನ್ನು ಅಂಗಡಿಯವರು ನಿರೀಕ್ಷಿಸಿರಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ. ಅವರು ಎಲ್ಲಿಗೋ ಫೋನ್ ಮಾಡಿ ಕೇಳಿದರು. ಹಾಡು ಹಾಡುವ ಪೆಟ್ಟಿಗೆಯ ಡಿಸ್ಕನ್ನು ಅಂಥದೇ ಇನ್ನೊಂದು ಪೆಟ್ಟಿಗೆ ಮಾತ್ರ ಓದಬಲ್ಲದು. ಉಳಿದೊಂದರದ್ದನ್ನು ಒಂದು ಸಾಫ್ಟ್‌ವೇರ್ ಇದ್ದರೆ ಯಾವ ಕಂಪ್ಯೂಟರಿನಲ್ಲಾದರೂ ಓದಬಹುದು. ಅದು ನೋಡಲು ಮಂಕು, ವೇಗವೂ ಕಡಿಮೆ. ಅಕ್ಕ ಅದರ ತಲೆಯ ಮೇಲೆ ಕೈಯಿಟ್ಟಳು. ಮುಗಿಯಿತು ಎಂದುಕೊಂಡು ನಾನು ಚಪ್ಪಲಿ ಹುಡುಕಿದೆ.

"ಎರಡು ಡಿಸ್ಕೂ ಒಂದೇ ಪೆಟ್ಟಿಗೆಯಾಗೆ ಅವೆ. ಮನೆಗೇ ಸಿಡಿಲು ಬಡಿದ್ರೆ?"

ಅಂಗಡಿಯವರು ನಕ್ಕರು. "ಅಯ್ಯೋ ಮೇಡಂ, ಮನೆಗೆ ಸಿಡಿಲು ಬಡಿದ್ರೆ ನೀವೇ ಇರಲ್ವಲ್ಲ!"

"ನಾನಿಲ್ದಿದ್ರೂ ಜನರ ಫೋಟೋ ಇರಬೇಕಲ್ರೀ," ಎಂದಳು ಅಕ್ಕ.

ಅವಳು ನಗಲಿಲ್ಲ, ಯಾರಿಗೂ ಪಾಠ ಹೇಳುವ ಧಾಟಿಯೂ ಅದರಲ್ಲಿರಲಿಲ್ಲ. ಅಂಗಡಿಯವರು ನಗು ನಿಲ್ಲಿಸಿ, ಹಾಗಾದರೆ ಹೊರಗಿನಿಂದ ಸಿಕ್ಕಿಸುವ ಡಿಸ್ಕ್ ಒಂದನ್ನೂ ಒಯ್ಯಿರಿ, ಆಗಾಗ ಇದರದ್ದೇ ನಕಲು ಮಾಡಿ ಬೇರೆ ಊರಿನಲ್ಲಿಡಿ ಎಂದರು. ಅಕ್ಕನ ತವರು, ಅಂದರೆ ನಮ್ಮ ಮನೆ, ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹತ್ತಿರ. ಅಂದಿನಿಂದ ಅಕ್ಕ ತವರಿಗೆ ಹೋಗುವಾಗ ಬ್ಯಾಗಿನಲ್ಲಿ ಕೊಬ್ಬರಿ, ಬೆಲ್ಲದ ನಡುವೆ ಟವೆಲಿನಲ್ಲಿ ಸುತ್ತಿದ ಒಂದು ಡಿಸ್ಕ್ ಇರುತ್ತಿತ್ತು. ನಮ್ಮ ಅವ್ವ ಅದನ್ನು ಒಡವೆಯ ಪೆಟ್ಟಿಗೆಯಲ್ಲಿಟ್ಟು, ಮಗಳಿಗಿಂತ ಜತನವಾಗಿ ನೋಡಿಕೊಂಡಳು.

ಪೆಟ್ಟಿಗೆ ಬಂದು ನಡುಕೋಣೆಯಲ್ಲಿ ಕೂತಿತು. ಫೋಟೋಗಳೆಲ್ಲ ಅದರೊಳಗೆ ಹೋದವು. ಭಾವ ಹತ್ತಿರವೂ ಸುಳಿಯಲಿಲ್ಲ. "ಅದೂ ಒಂದಿನ ಟಕ್ ಟಕ್ ಅಂತೈತೆ ಬಿಡು," ಎಂದರು. ಅಕ್ಕ ಅವರ ಕಣ್ಣೆದುರಿಗೇ, ಪೆಟ್ಟಿಗೆ ನಡೆಯುತ್ತಿರುವಾಗಲೇ ಅದರ ಬಾಗಿಲು ತೆಗೆದು ಒಂದು ಡಿಸ್ಕನ್ನು ಎಳೆದು ಕೈಗೆ ತೆಗೆದುಕೊಂಡಳು. ಪೆಟ್ಟಿಗೆ ಕುಯ್ಯೋ ಎಂದು ಬೊಬ್ಬೆ ಹಾಕಿತು. ಭಾವ, "ಏಯ್, ಏನು ಮಾಡ್ದೇ?" ಎಂದು ಮೇಲೆದ್ದರು. ಅಕ್ಕ ಡಿಸ್ಕನ್ನು ಗಂಡನ ಕೈಗೆ ಕೊಟ್ಟು, ಕಂಪ್ಯೂಟರಿನ ಮುಂದೆ ಕೂತು ಫೋಟೋಗಳನ್ನು ಒಂದೊಂದಾಗಿ ತೆರೆದಳು. ಎಲ್ಲವೂ ಇದ್ದವು. ತಿರುಪತಿಯ ಬೋಳುತಲೆ ಮದುಮಗನೂ ಇದ್ದ.

"ನೀವು ಹಿಡ್ಕಂಡಿರೋದು ಸತ್ತೋಗೈತೆ ಅಂದ್ಕಳ್ರಿ," ಎಂದಳು. "ಆದ್ರೂ ಇಲ್ಲಿ ಎಲ್ಲ ಐತೆ."

ಆಮೇಲೆ ಡಿಸ್ಕನ್ನು ಮತ್ತೆ ಒಳಗೆ ತಳ್ಳಿದಳು. ಅದು ಮೊದಲಿನಿಂದ ಎಲ್ಲವನ್ನೂ ನಕಲು ಮಾಡಿಕೊಂಡು ಮುಗಿಸುವವರೆಗೆ ಭಾವ ಅದರ ಮುಂದೆಯೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಆದರೂ ಬೀರುವಿನ ಬೀಗ ತೆಗೆಯಲಿಲ್ಲ. ಅಕ್ಕನೂ ಒತ್ತಾಯ ಮಾಡಲಿಲ್ಲ. ನಾನಾಗಿದ್ದರೆ ಜಗಳವನ್ನೇ ಮಾಡುತ್ತಿದ್ದೆ.

ಮುಂದಿನ ಸಂತೆಗೆ ಆ ತಾಯಿ ಎಂದಿನಂತೆ ಬಂದಳು. ಕೂಸು ಆಗ ಬೆಂಚು ಹಿಡಿದು ನಿಲ್ಲುವಷ್ಟಾಗಿತ್ತು. ಅವತ್ತು ಆಕೆ "ಸಿಕ್ತಾ?" ಎಂದು ಕೇಳಲಿಲ್ಲ. ನಡುಕೋಣೆಯ ಕಡೆ ಕೈ ತೋರಿಸಿ, "ಅದೇನೋ ಹೊಸ ಪೆಟ್ಟಿಗೆ ತಂದೀರಂತೆ, ಅದರಾಗಿಟ್ಟಿದ್ದು ಹೋಗಲ್ಲಂತೆ, ದಿಟವಾ ತಾಯಿ?" ಎಂದಳು.

ಅಕ್ಕ ಸ್ವಲ್ಪ ಯೋಚಿಸಿ, "ಒಂದು ಹೋದ್ರೆ ಇನ್ನೊಂದ್ರಾಗೆ ಇರ್ತೈತೆ. ಎರಡೂ ಹೋದ್ರೆ ನಮ್ಮ ಅವ್ವನ ಮನೆಯಾಗೆ ಇರ್ತೈತೆ," ಎಂದಳು.

ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು ಭಾವನ ಕಡೆ ತಿರುಗಿದಳು.

"ಹಂಗಾರೆ ನಂದೊಂದು ತೆಗಿಯಣ್ಣ. ಅವಳು ಥೇಟು ನನ್ನಂಗೇ ಅಂತ ಊರೆಲ್ಲ ಅಂತಿದ್ರು. ಇದೇ ಕಣ್ಣು, ಇದೇ ಗದ್ದ. ಈ ಕೂಸು ದೊಡ್ಡದಾಗಿ, ನಮ್ಮವ್ವ ಹೆಂಗಿದ್ಲು ಅಂತ ಕೇಳೋ ಹೊತ್ತಿಗೆ ನಾನಿರ್ತೀನೋ ಇಲ್ವೋ. ನೀವು ಇದನ್ನ ತೋರ್ಸಿ. ಹಿಂಗೇ ಇದ್ಲು, ವಯಸ್ಸು ಒಂಚೂರು ಕಮ್ಮಿ ಅನ್ನಿ."

ಭಾವ ಒಳಗೆ ಹೋದರು. ಬೀರುವಿನ ಬಾಗಿಲು ತೆಗೆದ ಸದ್ದಾಯಿತು. ಕ್ಯಾಮೆರಾ ಹಿಡಿದು ಬಂದವರು ಅವಳನ್ನು ಬೆಳಕಿಗೆ ಕೂರಿಸಿ, ಗದ್ದ ಸ್ವಲ್ಪ ಎತ್ತಿಸಿ, ಬಹಳ ಹೊತ್ತು ನೋಡಿ ತೆಗೆದರು. ಈ ಸಲ ನಗಿಸಲು ಹೋಗಲಿಲ್ಲ. ಅಕ್ಕ ಆಗಲೇ ಅದನ್ನು ಕಂಪ್ಯೂಟರಿಗೆ ಇಳಿಸಿದಳು, ಪೆಟ್ಟಿಗೆಗೆ ಕಳಿಸಿದಳು, ಹೊರಗಿನ ಡಿಸ್ಕನ್ನೂ ಸಿಕ್ಕಿಸಿದಳು. ಆ ತಾಯಿ ಅವಳ ಕುರ್ಚಿಯ ಹಿಂದೆ ಕೂಸನ್ನೆತ್ತಿಕೊಂಡು ನಿಂತು ನೋಡುತ್ತಿದ್ದಳು. ಅಕ್ಕ ತಿರುಗದೆಯೇ, ಯಾರ ಹೆಸರಿನಲ್ಲಿ ಇಡಲಿ ಎಂದು ಕೇಳಿದಳು.

ಆಕೆ ಮಗಳ ಹೆಸರು ಹೇಳಿದಳು.