ಚಂದ್ರಿಕೆ ತೊಳೆದವರು

ಮೇಸ್ತ್ರಣ್ಣನ ಬಲಗೈ ಹೆಬ್ಬೆರಳಿನ ಉಗುರು ವರ್ಷವಿಡೀ ನೇರಳೆ ಬಣ್ಣಕ್ಕಿರುತ್ತಿತ್ತು. ದ್ರಾಕ್ಷಿ ಗೊಂಚಲಿನಲ್ಲಿ ಕೊಳೆತ ಹಣ್ಣು ಕಂಡರೆ ಕತ್ತರಿ ಹುಡುಕುತ್ತಿರಲಿಲ್ಲ. ಪಕ್ಕದ ಹಣ್ಣಿಗೆ ತಗಲದ ಹಾಗೆ ಆ ಉಗುರಿನಲ್ಲೇ ಚಿವುಟಿ ಎಸೆಯುತ್ತಿದ್ದರು. ಸೋಪಿಗಾಗಲಿ ಹುಣಸೆಹಣ್ಣಿಗಾಗಲಿ ಆ ಬಣ್ಣ ಬಗ್ಗಲಿಲ್ಲ. "ಬುಡವ್ವ, ಕೆಲಸಗಾರ ಅಂತ ಗುರ್ತು ಇರ್ಲಿ" ಎಂದು ನಗುತ್ತಿದ್ದರು.

ಗುಡೇಮಾರನಹಳ್ಳಿಯ ಹತ್ತಿರ ನಮ್ಮ ವೈನರಿಗೆ ಸೇರಿದ ದ್ರಾಕ್ಷಿ ತೋಟವಿದೆ. ಅದಕ್ಕೆ ಅವರು ಮೇಸ್ತ್ರಿ. ನಾನು ಎಂ.ಎಸ್ಸಿ. ಮುಗಿಸಿ ಲ್ಯಾಬಿಗೆ ಸೇರಿದ ಹೊಸದರಲ್ಲಿ, ಸಕ್ಕರೆ ಅಂಶ ನೋಡುವ ಮೀಟರ್ ಹಿಡಿದು ಸಾಲುಗಳ ನಡುವೆ ಬಹಳ ಗತ್ತಿನಿಂದ ಓಡಾಡುತ್ತಿದ್ದೆ. ಅವರು ಹಣ್ಣು ಬಾಯಿಗೆ ಹಾಕಿಕೊಂಡು, ಸಿಪ್ಪೆ ಉಗಿದು, ಬೀಜವನ್ನು ಮಾತ್ರ ಕಡಿಯುತ್ತಿದ್ದರು. "ಬೀಜ ಕಟುಂ ಅನ್ಬೇಕು ಕಣವ್ವ. ಅಲ್ಲೀಗಂಟ ಕೀಳ್ಬಾರ್ದು." ಮೀಟರ್ ಸುಮಾರು ಸಲ ತಪ್ಪಿದೆ, ಅವರ ಹಲ್ಲು ತಪ್ಪಿದ್ದು ನಾನು ಕಾಣೆ. ಇಷ್ಟಾಗಿ ಅವರು ಒಂದು ದಿನವೂ ವೈನ್ ಕುಡಿದವರಲ್ಲ. ಲೋಟವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ವಾಪಸ್ಸು ಕೊಟ್ಟುಬಿಡುತ್ತಿದ್ದರು.

ಆ ವರ್ಷದ ಬೆಳೆ ಮೊದಲಿಂದಲೂ ಅಳುಮುಂಜಿ. ಹೂ ಕಟ್ಟುವಾಗ ಮೋಡ, ಕಾಯಿ ಕಟ್ಟಿದ ಮೇಲೆ ಎಲೆಗೆ ಬೂಷ್ಟು. ಹೇಗೋ ಉಳಿಸಿಕೊಂಡ ಶಿರಾಜ್ ಜಾತಿಯ ಕಪ್ಪು ದ್ರಾಕ್ಷಿ ಇನ್ನೇನು ಕೊಯ್ಲಿಗೆ ಬಂತು ಅನ್ನುವಾಗ, ಶಿವರಾತ್ರಿ ಕಳೆದ ವಾರದಲ್ಲಿ ಮೂರು ದಿನ ಮಳೆ ಹಿಡಿಯಿತು. ಹಣ್ಣು ನೀರು ಕುಡಿದು ಸಪ್ಪೆಯಾಗಿ ಬಿರಿಯತೊಡಗಿತು. ಈ ಸಲ ರೆಡ್ ವೈನ್ ಕೆಟ್ಟರೆ ಬಳ್ಳಿಯೆಲ್ಲ ಕೀಳಿಸುತ್ತೇನೆ ಎಂದು ವೈನರಿಯ ಯಜಮಾನರು ಮೊದಲೇ ಹೇಳಿದ್ದರು.

ಉಪಾಯ ಹೊಳೆದದ್ದು ಮೇಸ್ತ್ರಣ್ಣನಿಗೆ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಗೂಡು ಕಟ್ಟಲು ಬಿಡುವ ದೊಡ್ಡ ಬಿದಿರು ತಟ್ಟಿಗಳು, ನಮ್ಮ ಕಡೆಯ ಚಂದ್ರಿಕೆಗಳು, ಹುಳುಮನೆಯಲ್ಲಿ ಖಾಲಿ ನಿಂತಿದ್ದವು. ಗೊಂಚಲನ್ನು ಅವುಗಳ ಮೇಲೆ ಹರಡಿ, ಅದೇ ಹುಳುಮನೆಯಲ್ಲಿ ಗಾಳಿಗೆ ನಾಲ್ಕೈದು ದಿನ ಬಾಡಿಸಿದರೆ ನೀರು ಆರಿ ರಸ ಗಟ್ಟಿಯಾಗುತ್ತದೆ ಎಂದರು. ಯಜಮಾನರು ಒಪ್ಪಿದರು.

ನಾನು ಹೋಗುವಷ್ಟರಲ್ಲಿ ಅವರು ಅರ್ಧದಷ್ಟು ಚಂದ್ರಿಕೆಗಳನ್ನು ಬರೀ ನೀರಲ್ಲಿ ತಿಕ್ಕಿ ಬಂಡೆಯ ಮೇಲೆ ಬಿಸಿಲಿಗಿಟ್ಟಿದ್ದರು. ನನಗೆ ಸಿಟ್ಟು ಬಂತು. ಹುಳು ಹರಿದಾಡಿದ ತಟ್ಟಿ, ಬ್ಲೀಚಿಂಗ್ ಪೌಡರ್ ಹಾಕದೆ ಹಣ್ಣು ಇಡುವುದುಂಟೇ?

"ಹುಳ ಸಾಕಕ್ಕೆ ಪೌಡ್ರು ಸರಿ ಕಣವ್ವ. ಹಣ್ಣಿಗೆ ಬ್ಯಾಡ. ಬಿದ್ರು ಒಸಿ ನೆಂದಿದ್ರೂ ವಾಸ್ನೆ ಹಿಡ್ಕತದೆ. ಬಿಸ್ಲೇ ಸಾಕು."

"ಲ್ಯಾಬ್ ನೋಡ್ಕೊಳ್ಳೋದು ನಾನು ಮೇಸ್ತ್ರಣ್ಣ. ಹೇಳಿದಷ್ಟು ಮಾಡಿ."

ಅವರು ಪಂಚೆ ಎತ್ತಿ ಕಟ್ಟಿ, ಉಳಿದ ಚಂದ್ರಿಕೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ತಾವೇ ಅದ್ದಿದರು. ಅವು ಪೂರ್ತಿ ಒಣಗುವುದಕ್ಕೂ ನಾನು ಬಿಡಲಿಲ್ಲ, ಅಷ್ಟು ಆತುರ.

ಎರಡು ಬಗೆಯ ಚಂದ್ರಿಕೆಯ ಹಣ್ಣು ಎರಡು ಟ್ಯಾಂಕಿಗೆ ಹೋಯಿತು. ಬರೀ ನೀರಲ್ಲಿ ತೊಳೆದ ಚಂದ್ರಿಕೆಯ ಮೊದಲನೆಯದು ತಿಂಗಳುಗಳು ಕಳೆದಂತೆ ಏನು ಚೆಂದ ಬಂತು! ಗಾಢ ಬಣ್ಣ, ನೇರಳೆಹಣ್ಣು ಮೆಣಸು ಬೆರೆತ ಪರಿಮಳ. ಎರಡನೆಯದರ ಮುಚ್ಚಳ ತೆಗೆದರೆ ನೆಂದ ಗೋಣಿಚೀಲದ ಮುಗ್ಗಲು ವಾಸನೆ. ಒದ್ದೆ ಬಿದಿರು, ಕ್ಲೋರಿನ್, ಬೂಷ್ಟು ಮೂರೂ ಸೇರಿದರೆ ಹುಟ್ಟುವ ವಾಸನೆ ಅದು, ವೈನಿಗೆ ಹತ್ತಿದರೆ ಹೋಗುವುದಿಲ್ಲ. ನಾನು ಪರೀಕ್ಷೆಗೆ ಓದಿ ಬರೆದು ಪಾಸಾದ ವಿಷಯವೇ.

ವಾಸನೆಯಲ್ಲೇ ಕಾರಣ ಗುರುತಿಸಿದ ಯಜಮಾನರು ಟ್ಯಾಂಕಿನ ಮುಂದೆ ನಿಂತು ಇಬ್ಬರನ್ನೂ ಕರೆಸಿದರು. "ಇದರ ಚಂದ್ರಿಕೆಗೆ ಬ್ಲೀಚಿಂಗ್ ಹಾಕಿದ್ದು ಯಾರು?"

ಮೇಸ್ತ್ರಣ್ಣ ನನ್ನ ಕಡೆ ತಿರುಗಲೂ ಇಲ್ಲ.

"ತೊಳ್ದೋನು ನಾನೇ ಬುದ್ಧಿ. ಹುಳದ ಮನೆ ಅಭ್ಯಾಸ, ಕೈ ತಪ್ಪೋಯ್ತು."

ಮೊದಲ ಮಾತು ಸುಳ್ಳೆನ್ನುವಂತಿರಲಿಲ್ಲ, ತೊಳೆದದ್ದು ಅವರ ಕೈಯೇ. ಹಾಕಿಸಿದ್ದು ನಾನು ಎಂದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ನಾಳೆಯಿಂದ ತೋಟಕ್ಕೆ ಬರುವುದು ಬೇಡ ಎಂದರು ಯಜಮಾನರು. ಮೇಸ್ತ್ರಣ್ಣ ಕತ್ತರಿಯನ್ನು ಒರೆಸಿ ಮೇಜಿನ ಮೇಲಿಟ್ಟು ಹೊರಟರು. ಬಾಗಿಲ ಹತ್ತಿರ ನಿಂತು, "ಮೊದಲನೇ ಟ್ಯಾಂಕು ಒಸಿ ಜ್ವಾಪಾನ ಕಣವ್ವ" ಎಂದರು, ಅಷ್ಟೆ.

ಮೊದಲನೇ ಟ್ಯಾಂಕಿನ ವೈನ್ ಎಲ್ಲರ ಬಾಯಲ್ಲಿ ಹೆಸರು ಮಾಡಿತು, ಬಳ್ಳಿ ಉಳಿಯಿತು. ಬಾಟಲಿಯ ಲೇಬಲ್ಲಿನಲ್ಲಿ ತಯಾರಿಸಿದವರೆಂದು ನನ್ನ ಹೆಸರಿದೆ. ಅದನ್ನು ಹೊಗಳಿದವರ ಮುಂದೆಲ್ಲ ನನಗೆ ನೆಂದ ಗೋಣಿಚೀಲದ ವಾಸನೆಯೇ ಬರುತ್ತಿತ್ತು. ಈಗಲೂ ವೈನ್ ಇಡುವ ಸೆಲ್ಲಾರಿನಲ್ಲಿ ಒಬ್ಬಳೇ ಇದ್ದಾಗ, ಹಿಂದೆ ಯಾರೋ ಬೀಜ ಕಡಿದ ಸದ್ದಾದಂತಾಗಿ ತಿರುಗಿ ನೋಡುತ್ತೇನೆ. ಯಾರೂ ಇರುವುದಿಲ್ಲ.

ಅವರ ಊರಿಗೆ ಹೋಗಬೇಕು, ಹೋಗಬೇಕು ಎಂದುಕೊಳ್ಳುತ್ತಲೇ ಎರಡು ವರ್ಷ ಕಳೆದೆ. ಕೊನೆಗೆ ಹೋದದ್ದು ಅವರು ತೀರಿಕೊಂಡ ದಿನ. ಚಾಪೆಯ ಮೇಲೆ ಮಲಗಿಸಿದ್ದರು. ಮುಖ ನೋಡುವ ಧೈರ್ಯವಾಗದೆ ಕೈ ನೋಡಿದೆ. ಹೆಬ್ಬೆರಳಿನ ಉಗುರು ಎಲ್ಲರ ಉಗುರಿನ ಹಾಗೆ ಬೆಳ್ಳಗಿತ್ತು.

ತಿಥಿ ಕಳೆದ ಮೇಲೆ ಮತ್ತೆ ಹೋಗಿ ಅವರ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿ ಅತ್ತೆ. ಆಕೆ ಬೈಯಲಿಲ್ಲ.

"ನಂಗೊತ್ತು ಕಣವ್ವ. ಅವತ್ತೇ ಹೇಳಿದ್ರು. 'ಹೆದರ್ಕಂಡವ್ಳೆ ಮಗ, ಇವತ್ತಲ್ಲ ನಾಳೆ ಬಂದು ಮಾತಾಡ್ತಾಳೆ' ಅಂದ್ರು. ಜಗಲಿ ಮ್ಯಾಲೆ ಕುಂತ್ಕಂಡು, ಬಸ್ಸು ನಿಂತಾಗೆಲ್ಲ ಕತ್ತೆತ್ತಿ ನೋಡೋರು."

ಮಾರನೆಯ ದಿನವೇ ಯಜಮಾನರಿಗೆ ನಿಜ ಹೇಳಿದೆ. "ಆಗಿದ್ದು ಆಗೋಯ್ತು ಬಿಡಮ್ಮ" ಎಂದು ಅವರು ಫೋನ್ ಎತ್ತಿಕೊಂಡರು. ಮೇಸ್ತ್ರಣ್ಣನ ಊರಿಗೆ ಹೋಗುವ ಬಸ್ಸು ನಮ್ಮ ವೈನರಿಯ ಗೇಟಿನ ಮುಂದೆಯೇ ಹಾದುಹೋಗುತ್ತದೆ. ದಿನಕ್ಕೆ ನಾಲ್ಕು ಸಲ. ಕೈ ತೋರಿಸಿದರೆ ನಿಲ್ಲುತ್ತದೆ.